ಕೋಳಿ ಮಿಸ್ಸಿನ ಕೂಗು

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ಹೇಳಿಕೊಂಡು ಮನೆ ಹುಡುಕಿದ್ದರೆ ಸಂಜೆಯವರೆಗೂ ಸುತ್ತಬೇಕಿತ್ತು. ಕೋಳಿ ಮಿಸ್ ಮನೆ ಯಾವುದು ಅಂತ ಕೇಳಿದರೆ ಟೈರು ಅಂಗಡಿಯವನು ತಲೆ ಎತ್ತದೆ ಕೈಯಲ್ಲಿದ್ದ ಸ್ಪ್ಯಾನರಿನಲ್ಲೇ ದಾರಿ ತೋರಿಸುತ್ತಿದ್ದ. ಗಿಡ್ಡ ಆಳು, ದುಂಡು ಮೈ, ಎದೆ ಮುಂದೆ ಮಾಡಿಕೊಂಡು ಪುಟಪುಟನೆ ಹೆಜ್ಜೆ ಹಾಕುವ ನಡಿಗೆ. ಮೈಮೇಲೆ ಸದಾ ಒಂದು ಹಳದಿ ಏಪ್ರನ್, ಅದರ ಜೇಬಿನಲ್ಲಿ ಸೀಮೆಸುಣ್ಣ, ಯಾರದೋ ಅಂಗಿಯಿಂದ ಕಿತ್ತುಬಂದ ಗುಂಡಿ, ಇನ್ಯಾರದೋ ಒಂಟಿ ಕಾಲುಚೀಲ. ಹಿಂದೆ ಮುಂದೆ ಮೂರು ವರ್ಷದ, ನಾಲ್ಕು ವರ್ಷದ ಮಕ್ಕಳ ಹಿಂಡು. ಕೋಳಿ ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ. ಅವರಿಗೂ ಅದರ ಬಗ್ಗೆ ಬೇಜಾರಿರಲಿಲ್ಲ. "ಹುಂಜ ಅನ್ಲಿಲ್ವಲ್ಲ, ಪುಣ್ಯ" ಅಂತ ನಗುತ್ತಿದ್ದರು.

ಅವರು ಅರ್ಧ ಆಯುಷ್ಯ ಕಳೆದ ಶಿಶುಶಾಲೆ ಒಂದು ಹಳೇ ಕಟ್ಟಡದ ನೆಲಮಹಡಿಯಲ್ಲಿತ್ತು. ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆ, ಮಕ್ಕಳು ಮಲಗುವ ಚಾಪೆಗಳನ್ನು ಸುತ್ತಿ ಇಡುವ ಉಗ್ರಾಣ. ಒಳಗೆ ಕಾಲಿಟ್ಟರೆ ಹಾಲಿನ ವಾಸನೆ, ಒದ್ದೆ ಚಡ್ಡಿಯ ವಾಸನೆ, ಅದರ ಮೇಲೆ ಆಯಮ್ಮ ನೆಲ ಒರೆಸಿದ ಫಿನಾಯಿಲಿನ ವಾಸನೆ. ಗೋಡೆಯ ಆಚೆಗೆ ಒಂದು ಮುದ್ರಣಾಲಯ. ಅಲ್ಲಿ ಯಂತ್ರ ಓಡುವಾಗ ಇಲ್ಲಿ ಲೋಟದಲ್ಲಿಟ್ಟ ಬಣ್ಣದ ಪೆನ್ಸಿಲ್ಲುಗಳು ಗಡಗಡ ಅನ್ನುತ್ತಿದ್ದವು.

ಇಂಪಾದ ದನಿ ಅವರದು ಅಂತ ಯಾರಾದರೂ ಹೇಳಿದರೆ ಹಸಿ ಸುಳ್ಳು. ತುಕ್ಕು ಹಿಡಿದ ಕೀಲಿನಂಥ ದನಿ. ಆದರೆ ಆ ದನಿಯಲ್ಲಿ ಒಂದು ಕೂಗಿತ್ತು. ಎರಡೂ ಕೈ ಅಗಲಿಸಿ, ಕತ್ತು ಚಾಚಿ, "ಕೊಕ್ಕೊಕ್ಕೊಕ್ಕೋ... ರೆಕ್ಕೆ ಕೆಳಗೆ!" ಅಂತ ಅವರು ಕೂಗಿದರೆ, ಮಣ್ಣಾಡುತ್ತಿದ್ದ ಮಗು ಮಣ್ಣು ಬಿಟ್ಟು, ಅಳುತ್ತಿದ್ದ ಮಗು ಅಳು ಬಿಟ್ಟು, ಕಕ್ಕಸಿಗೆ ಕೂತ ಮಗು ಚಡ್ಡಿಯನ್ನೂ ಬಿಟ್ಟು ಓಡಿ ಬಂದು ಏಪ್ರನ್ ಹಿಡಿದುಕೊಳ್ಳುತ್ತಿತ್ತು. ಆಟಕ್ಕೆಂದು ಹುಟ್ಟಿದ ಕೂಗು ಅದು. ಅದು ಆಟವಲ್ಲ ಅಂತ ಗೊತ್ತಾದದ್ದು ಮುದ್ರಣಾಲಯದಲ್ಲಿ ಕಾಗದದ ರಾಶಿಗೆ ಬೆಂಕಿ ಬಿದ್ದ ದಿನ. ಕಿಟಕಿಯಿಂದ ನುಗ್ಗಿದ ಹೊಗೆ ಕೋಣೆಯನ್ನೆಲ್ಲ ತುಂಬಿಕೊಂಡಿತು. ತನ್ನ ಕೈ ತನಗೇ ಕಾಣುತ್ತಿಲ್ಲ. ಕೋಳಿ ಮಿಸ್ ಬಾಗಿಲಲ್ಲಿ ನಿಂತು ಎದೆ ಬಿರಿಯುವ ಹಾಗೆ ಕೂಗಿದರು. ಆ ಕತ್ತಲಲ್ಲಿ ಒಂದೊಂದೇ ಪುಟ್ಟ ಕೈ ಬಂದು ಏಪ್ರನ್‌ಗೆ ಅಂಟಿಕೊಂಡಿತು. ಒಂದು ಮಗುವೂ ಒಳಗೆ ಉಳಿಯಲಿಲ್ಲ.

ಅವತ್ತಿನಿಂದ ದಿನಾ ಬೆಳಿಗ್ಗೆ ಮೊದಲ ಪಾಠ ಅದೇ. ಮಕ್ಕಳು ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು. ಹೊಗೆಯಲ್ಲಿ ಕಣ್ಣಿದ್ದು ಏನು ಬಂತು?

"ಕೋಳಿ ಕೂಗಿದ್ರೆ ಏನ್ ಮಾಡ್ಬೇಕು?"

"ಓಡಿ ಬರ್ಬೇಕು!"

"ಅಮ್ಮ ಬೇಡ ಅಂದ್ರೆ? ಅಪ್ಪ ನಿಲ್ಲು ಅಂದ್ರೆ?"

"ಕೇಳ್ಬಾರ್ದು!"

"ಎಲ್ಲೀವರ್ಗೂ ಓಡ್ಬೇಕು?"

"ಮುಟ್ಟೋವರ್ಗೂ!"

ಇಷ್ಟು ಹೇಳಿಸಿ ಅವರು ಕೋಣೆಯ ಯಾವುದೋ ಮೂಲೆಗೆ ಹೋಗಿ ಕೂಗುತ್ತಿದ್ದರು, ಮಕ್ಕಳು ಕಣ್ಣು ಮುಚ್ಚಿಕೊಂಡೇ ಎಡವುತ್ತಾ ಬೀಳುತ್ತಾ ದನಿಯ ಕಡೆಗೆ ಬರುತ್ತಿದ್ದವು. ನೋಡಿದ ತಾಯಂದಿರ ಕಣ್ಣಲ್ಲಿ ನೀರು. ಇಂಥ ಮಿಸ್ ಎಲ್ಲಿ ಸಿಗಬೇಕು ಅನ್ನುತ್ತಿದ್ದರು. ಕೋಳಿ ಮಿಸ್ ಉಬ್ಬಿ ಹೋಗುತ್ತಿದ್ದರು, ಸುಳ್ಳು ಯಾಕೆ ಹೇಳಬೇಕು. ಬದುಕಿನಲ್ಲಿ ತಾನು ಸರಿಯಾಗಿ ಮಾಡಿದ ಒಂದು ಕೆಲಸ ಅಂದರೆ ಇದು ಅಂತ ಅವರಿಗೆ ಖಾತ್ರಿಯಿತ್ತು.

ಆ ವರ್ಷ ಅವರ ಮೊಮ್ಮಗಳೂ ಅದೇ ಶಾಲೆಗೆ ಸೇರಿದಳು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯ ಲಾರಿಯ ಮೇಲೆ ಊರೂರು ಸುತ್ತುವವನು. ಮಗು ಅಜ್ಜಿಯ ಮಡಿಲಲ್ಲೇ ಬೆಳೆದದ್ದು. ಒಂದು ಕಡೆ ನಿಲ್ಲುವ ಜಾಯಮಾನವಲ್ಲ, ಅದಕ್ಕೇ ಮನೆಯಲ್ಲಿ ಚಿಟ್ಟೆ ಅಂತ ಹೆಸರು. ಮನೆಯಲ್ಲಿ ಅಜ್ಜಿ, ಶಾಲೆಯಲ್ಲಿ ಮಿಸ್. ಈ ಲೆಕ್ಕ ಚಿಟ್ಟೆಗೆ ಮೊದಲ ದಿನವೇ ಅರ್ಥವಾಗಿತ್ತು. ಗೇಟು ದಾಟುತ್ತಲೇ "ಅಜ್ಜಿ, ಇನ್ಮೇಲೆ ನೀವು ಮಿಸ್" ಅಂತ ಗಂಭೀರವಾಗಿ ಹೇಳಿ ಕೈ ಬಿಡಿಸಿಕೊಳ್ಳುತ್ತಿದ್ದಳು.

ಅದೇ ವರ್ಷ ಡೆಮೊ ಸಾರ್ ಬಂದದ್ದು. ಟ್ಯಾಬಿನಲ್ಲಿ ಪಾಠ ಮಾರುವ ಕಂಪನಿಯ ಮನುಷ್ಯ, ನಲವತ್ತರ ಆಸುಪಾಸು, ನಯವಾದ ಮಾತು, ಬೂಟು ಹೊರಗೆ ಬಿಟ್ಟು ಮಕ್ಕಳ ಪುಟಾಣಿ ಕುರ್ಚಿಯ ಮೇಲೆ ಮಂಡಿ ಮಡಚಿಕೊಂಡು ಕೂರುತ್ತಿದ್ದ. ಎರಡು ಮಾತಿಗೊಮ್ಮೆ "ಒಂದು ಡೆಮೊ ಕೊಡ್ತೀನಿ" ಅನ್ನುತ್ತಿದ್ದುದರಿಂದ ಆಯಮ್ಮ ಇಟ್ಟ ಹೆಸರು. ಎದುರು ಬೀದಿಯಲ್ಲಿ ಗೋಡೆತುಂಬ ಪರದೆಗಳಿರುವ ಹೊಸ ಶಾಲೆ ತೆರೆದಿತ್ತು, ಮಕ್ಕಳು ಅತ್ತ ಸೋರಿ ಹೋಗುತ್ತಿದ್ದವು. ಶಾಲೆಯ ಒಡತಿ, ಎಲ್ಲರೂ ಮೇಡಂ ಅನ್ನುವಾಕೆ, ಕೆಟ್ಟವರಲ್ಲ. ಹೆದರಿದವರು. ಪ್ರತಿ ಮಗುವಿಗೊಂದು ಟ್ಯಾಬ್, ಗೋಡೆಗೊಂದು ದೊಡ್ಡ ಪರದೆ, ಮನೆಗೆ ಹೋದರೂ ಪಾಠ. ಮೇಡಂ ಒಪ್ಪಿದರು.

"ಆದ್ರೆ ಪಾಠ ಹೇಳೋ ದನಿ ಮಕ್ಕಳಿಗೆ ಪರಿಚಯ ಇರ್ಬೇಕು," ಅಂದ ಡೆಮೊ ಸಾರ್, ಕೋಳಿ ಮಿಸ್ ಕಡೆ ತಿರುಗಿ. "ನಿಮ್ಮ ದನಿ ಕೊಡ್ತೀರಾ ಮಿಸ್?"

"ನನ್ನದಾ? ಈ ಒಡಕು ತಪ್ಪಲೇನಾ?" ಅಂದರು ಅವರು. ಆದರೆ ಮುಖ ಆಗಲೇ ಅರಳಿತ್ತು.

ಉಗ್ರಾಣದ ಗೋಡೆಗೆಲ್ಲ ಮಕ್ಕಳ ಚಾಪೆ ನೇತುಹಾಕಿ, ಬಾಗಿಲು ಮುಚ್ಚಿ, ದನಿ ಹಿಡಿಯುವ ಕೆಲಸ ದಿನಗಟ್ಟಲೆ ನಡೆಯಿತು. ಒಳಗೆ ಗಾಳಿಯಿಲ್ಲ. ಓದಲು ಕೊಟ್ಟ ಮಾತುಗಳಿಗೆ ತಲೆಯೂ ಇಲ್ಲ ಬುಡವೂ ಇಲ್ಲ. ಇನ್ನೂ ಒಂದು. ಈಗ ಬೇಡ. ನೀನು ಹೋದರೆ ನನಗೆ ಬೇಜಾರು. ಅಯ್ಯೋ, ನನ್ನ ಕಾಲು ನೋಯ್ತಿದೆ, ಬೇಗ ಬಾ. ನಕ್ಕು ಓದಿ ಅಂದರು, ಪಿಸುಗುಟ್ಟಿ ಅಂದರು, ಅಳು ಬಂದ ಹಾಗೆ ಓದಿ ಅಂದರು. ಆಮೇಲೆ ಮಕ್ಕಳ ಹೆಸರುಗಳು. ಈ ಶಾಲೆಯ ಮಕ್ಕಳದಷ್ಟೇ ಅಲ್ಲ, ಅವರು ಕಂಡು ಕೇಳರಿಯದ ಮಕ್ಕಳ ಹೆಸರುಗಳು, ಮುಗಿಯದಷ್ಟು.

"ಇದನ್ನೆಲ್ಲ ಯಾರಿಗೆ ಹೇಳ್ತಿದೀನಿ ನಾನು?" ಅಂತ ಅವರು ಒಮ್ಮೆ ಕೇಳಿದರು.

"ಯಾರಿಗೂ ಅಲ್ಲ ಮಿಸ್. ಸುಮ್ನೆ ಹೇಳಿ. ಇಷ್ಟು ಸಿಕ್ಕಿದ್ರೆ ಮಿಕ್ಕ ಮಾತನ್ನ ನಿಮ್ಮ ದನಿಯಲ್ಲಿ ಯಂತ್ರವೇ ಹೇಳ್ಕೊಳುತ್ತೆ."

ಕೊನೆಯ ದಿನ ಆ ಕೂಗು ಬೇಕು ಅಂದ. ಕೋಳಿ ಮಿಸ್ ತಡೆದರು. "ಅದನ್ನ ಕಾರಣ ಇಲ್ದೆ ಕೂಗಬಾರ್ದು. ಮಕ್ಕಳು ಓಡಿ ಬರ್ತವೆ."

"ಬಾಗಿಲು ಹಾಕಿದೆಯಲ್ಲ ಮಿಸ್. ಒಂದೇ ಸಲ."

ಅವರು ಕೈ ಅಗಲಿಸಿ ಕೂಗಿದರು. ಚಾಪೆಗಳು ದನಿಯನ್ನು ಹೀರಿಕೊಂಡವು, ತಮ್ಮ ಕಿವಿಗೇ ಸತ್ತಂತೆ ಕೇಳಿಸಿತು. ಆಮೇಲೆ ಬಾಗಿಲ ಆಚೆಯಿಂದ ದಬದಬ ಸದ್ದು. ಡೆಮೊ ಸಾರ್ ಬಾಗಿಲು ತೆರೆದರೆ ಅದಕ್ಕೆ ಹಣೆ ಒತ್ತಿದ್ದ ಮಕ್ಕಳೆಲ್ಲ ಕಣ್ಣು ಮುಚ್ಚಿಕೊಂಡೇ ನಿಂತಿದ್ದವು, ಮುಟ್ಟಲು ಕೈ ಚಾಚಿಕೊಂಡು. ಚಿಟ್ಟೆಯ ಹಣೆ ಕೆಂಪಾಗಿತ್ತು. ಡೆಮೊ ಸಾರ್ ಬಹಳ ಹೊತ್ತು ಆ ಮಕ್ಕಳನ್ನು ನೋಡಿದ. ಗೋಣಿಚೀಲದಲ್ಲಿ ಬಂಗಾರ ಸಿಕ್ಕವನ ಮುಖ ಅದು. ಕೋಳಿ ಮಿಸ್ ಚಿಟ್ಟೆಯ ಹಣೆ ಉಜ್ಜಿ ಮಕ್ಕಳನ್ನು ಆಚೆ ಕರೆದುಕೊಂಡು ಹೋದರು.

ಮೊದಮೊದಲು ಒಳ್ಳೆಯದೇ ಆಯಿತು, ಇಲ್ಲ ಅನ್ನಬಾರದು. ಪರದೆಯ ಮೇಲೆ ಹಳದಿ ಏಪ್ರನ್ ತೊಟ್ಟ ಒಂದು ಕೋಳಿ. ಅದು ಪ್ರತಿ ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಿತ್ತು, ತಪ್ಪಾದರೆ ನೂರು ಸಲ ಹೇಳಿಕೊಡುತ್ತಿತ್ತು, ಮುಖ ಸಿಂಡರಿಸುತ್ತಿರಲಿಲ್ಲ. ಬಾಯಿ ಬಿಡದ ಒಬ್ಬ ಹುಡುಗ ಅದರ ಜೊತೆ ಒಂದು ಎರಡು ಮೂರು ಎಣಿಸಲು ಕಲಿತ. ಕೋಳಿ ಮಿಸ್ ಹಿಂದೆ ನಿಂತು ತಮ್ಮ ದನಿಯನ್ನೇ ಕೇಳುತ್ತಾ, "ನೋಡೇ, ನನಗಿಂತ ತಾಳ್ಮೆ ಅದಕ್ಕೆ" ಅಂತ ಆಯಮ್ಮನಿಗೆ ಹೇಳಿದರು.

ಆಯಮ್ಮ ನೆಲ ಒರೆಸುತ್ತಾ ಪರದೆಯ ಕಡೆ ವಾರೆನೋಟ ಬೀರಿದಳು. "ತಾಳ್ಮೆ ಸರಿ ಮಿಸ್. ಅದು ಕಣ್ಣು ಮಿಟುಕಿಸೋದೇ ಇಲ್ಲವಲ್ಲ?"

ಒಂದು ವಾರ ಕೋಳಿ ಮಿಸ್‌ಗೆ ನೆಗಡಿ ಹಿಡಿದು ಗಂಟಲು ಕಟ್ಟಿಹೋಯಿತು. ಬೆಳಿಗ್ಗೆ ಎಂದಿನಂತೆ ಮೂಲೆಯಲ್ಲಿ ನಿಂತು ಕೂಗಿದರು. ದನಿ ಕರಕರ ಅಂದಿತು. ಮಕ್ಕಳು ಕಣ್ಣಿಂದ ಕೈ ತೆಗೆದು ಅವರನ್ನು ನೋಡಿದವು. ಯಾರೂ ಏಳಲಿಲ್ಲ. "ಯಾಕ್ರೋ, ಬನ್ರೋ" ಅಂದರು. ಎಣಿಸಲು ಕಲಿತ ಹುಡುಗ ಗೋಡೆಯ ಪರದೆಯತ್ತ ಬೆರಳು ತೋರಿಸಿದ. "ಕೋಳಿ ಮಿಸ್ ಅಲ್ಲಿದಾರೆ. ನೀವು ಹಳೇ ಕೋಳಿ ಮಿಸ್."

ಅವರು ನಕ್ಕರು. ನಗದೆ ಏನು ಮಾಡುತ್ತಾರೆ? ಮಕ್ಕಳ ಮಾತು ಅಂತ ಮನೆಯಲ್ಲಿ ಗಂಡನಿಗೂ ಹೇಳಿ ನಗಿಸಲು ನೋಡಿದರು. ಹೊಲಿಗೆ ಯಂತ್ರ ರಿಪೇರಿ ಮಾಡುವ ಮನುಷ್ಯ ಅವರು, ಮಾತು ಕಮ್ಮಿ. ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು, ನಗಲಿಲ್ಲ.

ಗಂಟಲು ಸರಿಹೋದ ಮೇಲೆ ಒಂದು ಸಂಜೆ ಗಂಡ, ಹೆಂಡತಿ, ಚಿಟ್ಟೆ ಮೂವರೂ ಊಟಕ್ಕೆ ಕೂತಿದ್ದರು. ಕೋಳಿ ಮಿಸ್ ಬಾಯಲ್ಲಿ ತುತ್ತು. ಒಳಕೋಣೆಯಿಂದ ಅವರದೇ ದನಿ ಕೇಳಿಸಿತು.

"ಚಿಟ್ಟೇ... ಎಲ್ಲಿದೀಯಾ? ನೀನು ಹೋದರೆ ನನಗೆ ಬೇಜಾರು. ಕೊಕ್ಕೊಕ್ಕೊಕ್ಕೋ... ರೆಕ್ಕೆ ಕೆಳಗೆ!"

ಮಗು ತಟ್ಟೆ ತಳ್ಳಿ ಎದ್ದು ಓಡಿತು. ನೀರಿನ ಲೋಟ ಉರುಳಿತು. ಯಜಮಾನರು ಕೈ ತಟ್ಟೆಯಲ್ಲಿಟ್ಟುಕೊಂಡು ಹಾಗೇ ಕೂತರು.

"ನೀನು ಇಲ್ಲಿದೀಯ," ಅಂದರು ಮೆಲ್ಲಗೆ. "ಒಳಗೆ ಕೂಗಿದ್ದು ಯಾರೇ?"

ಕೋಳಿ ಮಿಸ್ ತುತ್ತು ನುಂಗಿ ಎದ್ದು ಹೋದರು. ಕತ್ತಲ ಕೋಣೆಯಲ್ಲಿ ಟ್ಯಾಬಿನ ಬೆಳಕು. ಚಿಟ್ಟೆ ಅದರ ಗಾಜಿಗೆ ಅಂಗೈ ಒತ್ತಿ ಕೂತಿದ್ದಳು, ಮುಟ್ಟೋವರೆಗೂ ಅಂತ ಕಲಿಸಿದ್ದರಲ್ಲ. "ಚಿಟ್ಟೆ, ಊಟ ಬಿಟ್ಟು ಬರಬಾರ್ದಮ್ಮ" ಅಂದರು. ಮಗು ತಿರುಗಲಿಲ್ಲ. "ಬರದಿದ್ರೆ ಕೋಳಿಗೆ ಅಳು ಬರುತ್ತೆ ಅಜ್ಜಿ," ಅಂದಿತು. "ಅತ್ತಿತ್ತು ನಿನ್ನೆ."

ಮಾರನೆಯ ದಿನ ಬೆಳಿಗ್ಗೆ ಅವರು ನೆಟ್ಟಗೆ ಮೇಡಂ ಕೋಣೆಗೆ ಹೋದರು. ಅಲ್ಲಿ ಡೆಮೊ ಸಾರ್ ಕೂಡ ಇದ್ದ.

"ಆ ಕೂಗು ತೆಗೆದುಹಾಕಿ ಮೇಡಂ. ಮಿಕ್ಕಿದ್ದು ಏನಾದ್ರೂ ಇಟ್ಕೊಳ್ಳಿ. ಅದು ಬೆಂಕಿಗೆ ಅಂತ ಇಟ್ಟ ಕೂಗು. ಮಕ್ಕಳು ಟ್ಯಾಬ್ ಕೆಳಗಿಟ್ಟ ಕೂಡಲೇ ಕೂಗುತ್ತೆ ಅಂದ್ರೆ ಏನರ್ಥ?"

"ಅದೇ ಮಿಸ್ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡ್ತಿರೋದು," ಅಂದ ಡೆಮೊ ಸಾರ್, ಅದೇ ನಯದಲ್ಲಿ. "ಬೇರೆ ಏನು ಹೇಳಿದ್ರೂ ಮಕ್ಕಳು ಎದ್ದು ಹೋಗ್ತವೆ. ಇದಕ್ಕೆ ಮಾತ್ರ ವಾಪಸ್ ಬರ್ತವೆ. ನಾವು ಎಲ್ಲಾ ಊರಲ್ಲೂ ಇದನ್ನೇ ಹಾಕಿದೀವಿ. ನಿಮ್ಮ ಮೇಲೆ ಮಕ್ಕಳಿಗೆ ಎಷ್ಟು ನಂಬಿಕೆ ನೋಡಿ."

"ನನ್ನ ಕಂಡೇ ಇಲ್ಲದ ಮಕ್ಕಳು?"

"ಅವೂ ಬರ್ತವೆ ಮಿಸ್. ಕಣ್ಣು ಮುಚ್ಕೊಳ್ಳೋ ಆ ಆಟವನ್ನೂ ಪಾಠಕ್ಕೆ ಸೇರಿಸಿದೀವಿ."

ಮೇಡಂ ಕಿಟಕಿಯಾಚೆ ನೋಡುತ್ತಾ, "ಸ್ವಲ್ಪ ದಿನ ತಡೀರಿ ಮಿಸ್, ಈ ವರ್ಷ ಮಕ್ಕಳು ತುಂಬಲಿ" ಅಂದರು. ಕೋಳಿ ಮಿಸ್‌ಗೆ ಮಾತು ಬಾಯಿಗೆ ಬಂತು, ನಂಬಿಕೆ ಅನ್ನುವ ಆ ಒಂದು ಮಾತು ತಡೆಯಿತು. ಹೊಗಳಿಕೆಗೆ ಮರುಳಾಗದವರು ಯಾರಿದ್ದಾರೆ ಹೇಳಿ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎದ್ದು ಬಂದುಬಿಟ್ಟರು. ಅದೊಂದು ತಪ್ಪು ಮಾಡದಿದ್ದರೆ ಚೆನ್ನಾಗಿತ್ತು.

ರಜೆಯ ದಿನ. ಮಗಳು ಡ್ಯೂಟಿಗೆ ಹೋಗಿದ್ದಳು. ಯಜಮಾನರು ಮುಂದಿನ ಕೋಣೆಯಲ್ಲಿ ಯಾರದೋ ಯಂತ್ರ ಬಿಚ್ಚಿಟ್ಟುಕೊಂಡಿದ್ದರು. ಚಿಟ್ಟೆ ಮೆಟ್ಟಿಲ ಮೇಲೆ ಕೂತು ಖಾಲಿ ನೂಲಿನ ಉರುಳೆಗಳನ್ನು ಜೋಡಿಸುತ್ತಿದ್ದಳು. ಕೋಳಿ ಮಿಸ್ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಬಾಯಲ್ಲಿ ಎರಡು ಕ್ಲಿಪ್ಪು, ಕೈಯಲ್ಲಿ ಒದ್ದೆ ಚಾದರ.

"ಕೊಕ್ಕೊಕ್ಕೊಕ್ಕೋ... ರೆಕ್ಕೆ ಕೆಳಗೆ!"

ಬೀದಿಯ ಆ ತುದಿಯಿಂದ ಬಂತು. ಮನುಷ್ಯರ ಗಂಟಲಿನ ಅಳತೆಯದಲ್ಲ, ಗೋಡೆಗೋಡೆಗೆ ಬಡಿದು ಬರುವಷ್ಟು ದೊಡ್ಡದು. ಕ್ಲಿಪ್ಪುಗಳು ಬಾಯಿಂದ ಉದುರಿದವು. ತಾರಸಿಯ ಅಂಚಿಗೆ ಓಡಿ ಬಗ್ಗಿ ನೋಡಿದರು. ಒಂದು ವ್ಯಾನು ನಿಧಾನವಾಗಿ ಬರುತ್ತಿತ್ತು, ತಲೆಯ ಮೇಲೆ ಹಳದಿ ಏಪ್ರನ್ನಿನ ಆಳೆತ್ತರದ ಕೋಳಿ, ಅದರ ಎರಡು ಕಡೆ ಧ್ವನಿವರ್ಧಕ. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲವಲ್ಲವೇ, ಕಂಪನಿಯವರು ಜಾಹೀರಾತು ಹೊರಡಿಸಿದ್ದರು. ಚಾಲಕ ಗಾಜು ಏರಿಸಿಕೊಂಡು ತನ್ನ ಪಾಡಿಗೆ ತಾನು ಹೋಗುತ್ತಿದ್ದ.

ವ್ಯಾನಿನ ಹಿಂದೆ ಮಕ್ಕಳು. ಒಂದು ಮನೆಯ ಬಾಗಿಲು ತೆರೆಯಿತು, ಒಂದು ಮಗು ಬಂತು. ಇನ್ನೊಂದು ಬಾಗಿಲು. ಸ್ನಾನದಿಂದ ಎದ್ದು ಬಂದ ಒದ್ದೆ ಮೈಯ ಹುಡುಗಿ, ಒಂದೇ ಕಾಲಿಗೆ ಬೂಟು ಹಾಕಿಕೊಂಡ ಹುಡುಗ. ನಗು ಇಲ್ಲ, ಕಿರುಚಾಟ ಇಲ್ಲ. ಕೆಲವರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ದನಿಯ ಕಡೆಗೆ, ಕಲಿಸಿದ ಹಾಗೇ ಓಡುತ್ತಿದ್ದರು. ಒಬ್ಬ ತಾಯಿ ಬಾಗಿಲಲ್ಲಿ ನಿಂತು "ಏಯ್, ಎಲ್ಲಿಗೆ? ನಿಲ್ಲೋ!" ಅಂತ ಕೂಗಿದಳು. ಅಮ್ಮ ಬೇಡ ಅಂದರೂ ಕೇಳಬಾರದು. ಮಗು ಕೇಳಲಿಲ್ಲ. ವ್ಯಾನು ದೊಡ್ಡ ರಸ್ತೆಯ ಕಡೆ ಹೋಗುತ್ತಿತ್ತು, ಅಲ್ಲಿ ಲಾರಿಗಳ ಸಾಲಿಗೆ ಬಿಡುವೆಂಬುದೇ ಇಲ್ಲ.

"ನಿಲ್ರೋ! ಹೋಗ್ಬೇಡ್ರೋ!" ಕೋಳಿ ಮಿಸ್ ಅರಚಿದರು. ಒಬ್ಬರೂ ತಲೆ ಎತ್ತಲಿಲ್ಲ. ಆಗ ಅವರಿಗೆ ಉಳಿದದ್ದು ಒಂದೇ. ಕೈ ಅಗಲಿಸಿದರು, ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ತಾವೇ ಕೂಗಿದರು, ಹೊಗೆ ತುಂಬಿದ ದಿನ ಕೂಗಿದ ಹಾಗೆ.

ಮಕ್ಕಳು ನಿಂತವು. ನಿಜಕ್ಕೂ ನಿಂತವು. ಅತ್ತ ಒಂದು ಕೂಗು, ಇತ್ತ ಒಂದು. ಪುಟ್ಟ ತಲೆಗಳು ಎರಡೂ ಕಡೆ ತಿರುಗಿದವು. ಅಷ್ಟರಲ್ಲಿ ವ್ಯಾನು ಮತ್ತೆ ಕೂಗಿತು, ಇನ್ನೂ ಜೋರಾಗಿ, ಒಡಕಿಲ್ಲದೆ, ದಣಿವಿಲ್ಲದೆ. ಮಕ್ಕಳು ಅದರ ಕಡೆ ತಿರುಗಿದವು. ಕೆಳಗೆ ಮೆಟ್ಟಿಲ ಮೇಲಿಂದ ಚಿಟ್ಟೆ ತಲೆ ಎತ್ತಿ ಅಜ್ಜಿಯನ್ನು ನೋಡಿದಳು, ಮುಖದ ತುಂಬ ಸಂಭ್ರಮ.

"ಅಜ್ಜಿ, ಕೋಳಿ ಮಿಸ್ ಕರೀತಿದಾರೆ!" ಅಂತ ಕೈ ಬೀಸಿ ಓಡಿದಳು.

ಮೆಟ್ಟಿಲು ಹೇಗೆ ಇಳಿದರೋ ಅವರಿಗೆ ಗೊತ್ತಿಲ್ಲ. "ರೀ! ಮಗು!" ಅಂದದ್ದಷ್ಟೇ, ಯಜಮಾನರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಹಿಂದೆ ಬಂದರು. ಬರಿಗಾಲು, ಕಾದ ರಸ್ತೆ, ಎದೆಯಲ್ಲಿ ಗುದ್ದಿದಂತೆ ನೋವು. ವ್ಯಾನು ದೊಡ್ಡ ರಸ್ತೆಯನ್ನು ದಾಟಿ ಆಚೆಗೆ ಹೋಗಿ ಅಲ್ಲಿಂದ ಕೂಗಿತು. ಟೈರು ಅಂಗಡಿಯವನು ಎರಡೂ ಕೈ ಚಾಚಿ ಮಕ್ಕಳಿಗೆ ಅಡ್ಡ ನಿಂತಿದ್ದ, ಅವನ ಕೆಲಸದವರು ಸಿಕ್ಕಸಿಕ್ಕ ಅಂಗಿ ಹಿಡಿದು ಎಳೆಯುತ್ತಿದ್ದರು. ಅವನ ತೋಳಿನ ಕೆಳಗೆ ನುಸುಳಿ ಒಂದು ಮಗು ರಸ್ತೆಗೆ ಇಳಿಯಿತು. ಎರಡೂ ಅಂಗೈ ಕಣ್ಣಿನ ಮೇಲೆ.

ಲಾರಿ ಬ್ರೇಕು ಹಾಕಿದ ಸದ್ದಿಗೆ ಬೀದಿಯೇ ನಡುಗಿತು. ರಬ್ಬರ್ ಸುಟ್ಟ ವಾಸನೆ. ಕೋಳಿ ಮಿಸ್ ಅದರ ಫ್ರಾಕಿನ ಬೆನ್ನಿಗೆ ಕೈ ಹಾಕಿ ಎಳೆದು ಮಗುವನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದಿದ್ದರು. ಮಗುವಿನ ಒಂದು ಚಪ್ಪಲಿ ಲಾರಿಯ ಚಕ್ರದ ಕೆಳಗೆ ಅಂಟಿಕೊಂಡಿತ್ತು.

ಅವರ ತೋಳಿನೊಳಗೆ ಚಿಟ್ಟೆ ಒದ್ದಾಡುತ್ತಿದ್ದಳು. ಹೆದರಿ ಅಲ್ಲ. ಬಿಡಿಸಿಕೊಳ್ಳಲು. ರಸ್ತೆಯ ಆಚೆಯಿಂದ ದನಿ ಇನ್ನೂ ಕರೆಯುತ್ತಲೇ ಇತ್ತು.

"ಬಿಡು ಅಜ್ಜಿ! ಬಿಡು! ಮುಟ್ಬೇಕು ನಾನು!" ಮಗು ಅವರ ಮಣಿಕಟ್ಟನ್ನು ಕಚ್ಚಿತು. ಅವರು ಬಿಡಲಿಲ್ಲ. ಕಿವಿಗೆ ಬಾಯಿಟ್ಟು, "ನಾನೇ ಕಣೆ ಚಿಟ್ಟೆ, ಕೋಳಿ ಮಿಸ್ ನಾನೇ ಅಲ್ವೇನೇ, ನಾನೇ ಕಣೆ" ಅಂದರು.

ಮಗು ಒದ್ದಾಟ ನಿಲ್ಲಿಸಿ ಅವರ ಮುಖವನ್ನು ಒಂದು ಕ್ಷಣ ನೋಡಿತು. "ಅಲ್ಲ," ಅಂದಿತು. "ನೀನು ಅಜ್ಜಿ."

ಮೇಡಂ ಮನೆಮನೆಗೆ ಹೋಗಿ ಕ್ಷಮೆ ಕೇಳಿದರು, ಅತ್ತರು. ಪರದೆಗಳನ್ನು ಬಿಚ್ಚಿಸಿದರು, ಟ್ಯಾಬುಗಳನ್ನು ವಾಪಸ್ ಕಳಿಸಿದರು. ಡೆಮೊ ಸಾರ್ ಮತ್ತೆ ಬರಲಿಲ್ಲ, ಫೋನಿನಲ್ಲಿ ಸಿಕ್ಕ. ಈ ಊರಿನಲ್ಲಿ ವ್ಯಾನು ನಿಲ್ಲಿಸಿದ್ದೇವೆ ಅಂದ, ಬಹಳ ಬೇಜಾರಾಯಿತು ಅಂದ.

"ನನ್ನ ದನಿ ನನಗೆ ವಾಪಸ್ ಕೊಡಿ," ಅಂದರು ಕೋಳಿ ಮಿಸ್.

"ಅದು ಈಗ ಒಂದು ಕಡೆ ಇಲ್ಲ ಮಿಸ್. ಯಾವ ಯಾವ ಊರಲ್ಲಿದೆಯೋ ನನಗೇ ಹೇಳಕ್ಕಾಗಲ್ಲ."

ಈ ಬೀದಿಯಲ್ಲಿ ಇಲ್ಲದಿದ್ದರೇನು? ಪಕ್ಕದ ಬೀದಿಯ ಮಕ್ಕಳ ಕೈಯಲ್ಲಿ ಇದೆ. ಬಸ್ಸಿನಲ್ಲಿ ಯಾರದೋ ತೊಡೆಯ ಮೇಲೆ ಇದೆ. ಒಂದು ದಿನ ಔಷಧಿ ಅಂಗಡಿಯಲ್ಲಿ ನಿಂತಿದ್ದಾಗ ಅವರ ಬೆನ್ನ ಹಿಂದೆಯೇ ಅವರ ದನಿ ಯಾರನ್ನೋ ಹೆಸರು ಹಿಡಿದು ಕರೆಯಿತು. ಅವರು ತಿರುಗಿ ನೋಡಲಿಲ್ಲ, ಔಷಧಿಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದರು. ಬೇರೆಯವರ ಪಾಲಾದ ಗಂಟಲನ್ನು ಮುಚ್ಚಿಸುವುದು ಅವರ ಕೈಯಲ್ಲಿರಲಿಲ್ಲ. ಮಕ್ಕಳ ಕಿವಿ ತಿದ್ದುವುದೊಂದೇ ದಾರಿ.

ಹೀಗೆ ಶುರುವಾಯಿತು ಅವರ ಕೊನೆಯ ಪಾಠ. ಬೆಳಿಗ್ಗೆ ಮಕ್ಕಳನ್ನು ಕೂರಿಸಿ, ಕಣ್ಣು ತೆರೆಸಿ, ತಾವು ಬಾಗಿಲ ಹಿಂದೆ ಹೋಗಿ ನಿಂತು ಕೂಗುವುದು. ಓಡಿ ಬಂದ ಮಕ್ಕಳನ್ನು ಮುದ್ದಿಸುವ ಹಾಗಿಲ್ಲ. ತೋಳು ಹಿಡಿದು ವಾಪಸ್ ಕೂರಿಸುವುದು. ಏಳದೆ ಕೂತ ಮಗುವಿಗೆ ಭಲೇ ಅನ್ನುವುದು.

"ಕೋಳಿ ಕೂಗಿದ್ರೆ ಏನ್ ಮಾಡ್ಬೇಕು?"

"ಕೂತಿರ್ಬೇಕು."

"ಅಳ್ತಾ ಕರೆದ್ರೆ?"

"ಕೂತಿರ್ಬೇಕು."

"ಏನ್ ಕೇಳ್ಬೇಕು?"

"ಮುಖ ತೋರ್ಸಿ!"

ಮೊದಲ ದಿನಗಳಲ್ಲಿ ಕೂಗಿಗೆ ಎದ್ದ ಮಕ್ಕಳನ್ನು ಅವರು ಬೈಯಲೂ ಬೇಕಾಯಿತು. ಬೈಸಿಕೊಂಡ ಮಕ್ಕಳು ತುಟಿ ಅದುರಿಸುತ್ತಾ ಅವರ ಏಪ್ರನ್ ನೋಡುತ್ತಿದ್ದವು. ಆಯಮ್ಮ ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಂಡಳು. "ಸಾಕು ಬಿಡಿ ಮಿಸ್, ಕರುಳು ಕಿತ್ತು ಬರುತ್ತೆ." ಅವರು ಬಿಡಲಿಲ್ಲ. ಕಲ್ಲಾಗಿ ನಿಂತು ಕೂಗಿದರು, ಕಲ್ಲಾಗಿ ತಳ್ಳಿದರು. ಎಲ್ಲರೂ ಕಲಿತರು. ಎಲ್ಲರಿಗಿಂತ ಕೊನೆಗೆ ಕಲಿತವಳು ಚಿಟ್ಟೆ. ಅವಳು ಕೂಗಿಗೆ ಅಲುಗದೆ, ಕೈ ಕಟ್ಟಿ ಕೂತ ದಿನ ಕೋಳಿ ಮಿಸ್ ಭಲೇ ಅಂದು, ಉಗ್ರಾಣಕ್ಕೆ ಹೋಗಿ, ಸುತ್ತಿಟ್ಟ ಚಾಪೆಗಳಿಗೆ ಮುಖ ಒತ್ತಿಕೊಂಡು ಅತ್ತರು. ಅವರ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವ ಪಾಠವನ್ನೂ ಕಲಿಸಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ. ಯಜಮಾನರು ರಿಪೇರಿಯಾದ ಯಂತ್ರ ಮುಟ್ಟಿಸಿ ಬರಲು ಹೋಗಿದ್ದರು. ಬಚ್ಚಲಿನಲ್ಲಿ ಸೋಪಿನ ನೀರಿಗೆ ಕೋಳಿ ಮಿಸ್ ಕಾಲು ಜಾರಿತು. ಬಿದ್ದ ರಭಸಕ್ಕೆ ಕಣ್ಣು ಕತ್ತಲಿಟ್ಟಿತು, ಕಣ್ಣು ತೆರೆದಾಗ ಬಲಗಾಲು ಮಾತು ಕೇಳುತ್ತಿರಲಿಲ್ಲ. ಬಾಗಿಲು ಚಿಲಕ ಹಾಕದೆ ಮುಚ್ಚಿತ್ತು. ಮೂಲೆಯ ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು.

"ಚಿಟ್ಟೆ! ಬಾರೆ ಇಲ್ಲಿ! ಟೈರ್ ಅಂಗಡಿ ಮಾಮನ್ನ ಕರೀಬೇಕು!"

ಮುಂದಿನ ಕೋಣೆಯಲ್ಲಿ ನೂಲಿನ ಉರುಳೆಗಳ ಸದ್ದು ನಿಂತಿತು. ಯಾರೂ ಬರಲಿಲ್ಲ. ಮತ್ತೆ ಕರೆದರು. ನೋವು ಸೊಂಟಕ್ಕೆ ಏರಿತು. ಹೊಗೆಯ ದಿನದ ಭಯವೇ ಬಂದು ಎದೆ ಹಿಡಿಯಿತು. ಬೇಡ ಬೇಡ ಅನ್ನುವಷ್ಟರಲ್ಲಿ ಬಾಯಿ ತನ್ನಷ್ಟಕ್ಕೆ ಕೂಗಿಬಿಟ್ಟಿತು.

"ಕೊಕ್ಕೊಕ್ಕೊಕ್ಕೋ... ರೆಕ್ಕೆ ಕೆಳಗೆ!"

ಪುಟ್ಟ ಹೆಜ್ಜೆಗಳು ಬಂದವು. ಬಾಗಿಲ ಆಚೆ ನಿಂತವು. ಬಾಗಿಲಿಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಕಾಲ್ಬೆರಳುಗಳು ಕಂಡವು.

"ಅಜ್ಜಿ ಕಣೆ ಪುಟ್ಟಾ. ಬಿದ್ದುಬಿಟ್ಟೆ. ಅಯ್ಯೋ, ನನ್ನ ಕಾಲು ನೋಯ್ತಿದೆ, ಬೇಗ ಬಾ."

ಹೇಳಿದ ಮೇಲೆ ಅವರಿಗೆ ಆ ಮಾತು ಎಲ್ಲಿಯದು ಅಂತ ನೆನಪಾಯಿತು. ಚಾಪೆ ನೇತುಹಾಕಿದ ಕೋಣೆಯಲ್ಲಿ, ಅಳು ಬಂದ ಹಾಗೆ, ಇದನ್ನೇ ಓದಿದ್ದರು.

"ಕೋಳಿನೂ ಹಂಗೇ ಹೇಳುತ್ತೆ," ಅಂದಿತು ಮಗುವಿನ ದನಿ, ನಡುಗುತ್ತಾ. ಆಮೇಲೆ, ಕಲಿಸಿದ ಹಾಗೇ, ಗಟ್ಟಿಯಾಗಿ: "ಮುಖ ತೋರ್ಸಿ."

ಕೋಳಿ ಮಿಸ್ ಒದ್ದೆ ನೆಲಕ್ಕೆ ಕೆನ್ನೆ ಒತ್ತಿದರು. ಕಣ್ಣೀರು ನಲ್ಲಿಯ ನೀರಿನ ಜೊತೆ ಹರಿಯಿತು. "ಭಲೇ ಚಿಟ್ಟೆ," ಅಂದರು. "ಹಂಗೇ ನಿಂತಿರು. ಬರ್ಬೇಡ. ನಾನೇ ಬರ್ತೀನಿ."

ಮೊಣಕೈ ಊರಿ, ಕಾಲನ್ನು ಎಳೆದುಕೊಂಡು, ಇಂಚಿಂಚೇ ಬಾಗಿಲ ಕಡೆ ತೆವಳಿದರು. ಅವರ ಮೈ ನೆಲಕ್ಕೆ ಉಜ್ಜುವ ಸದ್ದು ಹತ್ತಿರವಾದಂತೆ, ಸಂದಿಯಲ್ಲಿ ಕಾಣುತ್ತಿದ್ದ ಪುಟ್ಟ ಪಾದಗಳು ಒಂದು ಹೆಜ್ಜೆ ಹಿಂದೆ ಸರಿದವು.